ನಾಲ್ಕು ಜನರ ತೆಪ್ಪ

ಸುತ್ತೋಲೆಯಲ್ಲಿ ‘ನಾವೆ’ ಎಂಬ ಪದ ಕಂಡಾಗ ನನಗೆ ಮೊದಲು ಬಂದದ್ದು ನಗು. ನಮ್ಮ ಪಂಚಾಯ್ತಿ ಇರುವುದು ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುತ್ತತ್ತಿಯ ಕಡೆ ಹರಿಯುವ ದಾರಿಯಲ್ಲಿ. ಅಲ್ಲಿ ನಾವೆ ಎಲ್ಲಿಂದ ಬರಬೇಕು? ಇರುವುದು ತೆಪ್ಪ. ಬಿದಿರು ಹೆಣೆದು, ಹೊರಗಡೆ ಪ್ಲಾಸ್ಟಿಕ್ ಹೊದಿಸಿ, ಡಾಂಬರು ಬಳಿದ ದುಂಡನೆಯ ದೊಡ್ಡ ಮಂಕರಿ. ಶನಿವಾರ, ಭಾನುವಾರ ಮಂಡ್ಯ, ಮದ್ದೂರು, ಬೆಂಗಳೂರಿನಿಂದ ಬರುವ ಜನ ಅದರಲ್ಲಿ ಕೂತು ನದಿಯಲ್ಲೊಂದು ಸುತ್ತು ಹಾಕಿ, ಕಿರುಚಾಡಿ, ಫೋಟೋ ತೆಗೆಸಿಕೊಂಡು, ದಂಡೆಯಲ್ಲಿ ಕರಿದ ಮೀನು ತಿಂದು ಹೋಗುತ್ತಾರೆ. ಇಷ್ಟೇ ನಮ್ಮ ನೌಕಾಯಾನ.

ನಾನು ಆ ಪಂಚಾಯ್ತಿಯ ಅಭಿವೃದ್ಧಿ ಅಧಿಕಾರಿ, ಜನರ ಬಾಯಲ್ಲಿ ಪಿಡಿಒ ಮೇಡಂ. ತವರು ಮದ್ದೂರಿನ ಕಡೆ, ಹಾಗಾಗಿ ಬಾಯಿ ಸ್ವಲ್ಪ ಜೋರು. ಮನೆ ಕಂದಾಯ, ಬೀದಿ ದೀಪ, ಕುಡಿಯುವ ನೀರು, ಉದ್ಯೋಗ ಖಾತ್ರಿ, ಇವುಗಳಲ್ಲಿ ಯಾವುದನ್ನು ಕೇಳಿದರೂ ನಿದ್ದೆಗಣ್ಣಲ್ಲೇ ಉತ್ತರ ಹೇಳಿಯೇನು. ದೋಣಿಯ ವಿಷಯ ಮಾತ್ರ ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ.

ಸುತ್ತೋಲೆಯ ಸಾರ ಇಷ್ಟು. ಎಂಜಿನ್ ಇಲ್ಲದ ಸಣ್ಣ ನಾವೆಗಳನ್ನು ಆಯಾ ಪಂಚಾಯ್ತಿಯೇ ನೋಂದಾಯಿಸಬೇಕು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ನಂಬರು ಇರಬೇಕು. ನಂಬರನ್ನು ನಾವೆಯ ಮುಂಭಾಗದಲ್ಲಿ ಬರೆಸಬೇಕು. ಹತ್ತುವವರಿಗೆಲ್ಲ ಲೈಫ್ ಜಾಕೆಟ್ ಬೇಕು. ಎಂಜಿನಿಯರು ಬಂದು ಪರೀಕ್ಷೆ ಮಾಡಿದ ಮೇಲೆ ಒಂದು ಸಲಕ್ಕೆ ಎಷ್ಟು ಜನ ಕೂರಬಹುದು ಎಂಬುದನ್ನು ಪಂಚಾಯ್ತಿ ಬರೆದು ಸಹಿ ಹಾಕಬೇಕು. ಅಲ್ಲಿಯವರೆಗೆ ಯಾರನ್ನೂ ಹತ್ತಿಸುವಂತಿಲ್ಲ. ಬೇರೆ ಯಾವುದೋ ಕಡೆ ತೆಪ್ಪ ಮಗುಚಿದ ಸುದ್ದಿ ಆಗತಾನೇ ಬಂದಿತ್ತು. ಪೊಲೀಸರು ಸುತ್ತೋಲೆಯ ಬೆನ್ನಿಗೇ ಬಂದು, ಜನ ತೆಪ್ಪ ಹತ್ತುವ ಕಡವಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಹೋದರು.

ಕಡವಿನಲ್ಲಿ ಐದು ತೆಪ್ಪ ಇದ್ದವು. ನಾಲ್ಕು ಜನರಿಗೆ ಅಷ್ಟೋ ಇಷ್ಟೋ ಗದ್ದೆ ಇತ್ತು. ತೆಪ್ಪ ನಿಂತರೆ ಕಬ್ಬಿನ ಕಡೆ ಮುಖ ಮಾಡಿದರು. ಐದನೆಯವನಿಗೆ ತೆಪ್ಪ ಬಿಟ್ಟರೆ ಬೇರೆ ಏನೂ ಇರಲಿಲ್ಲ, ಬೇಕು ಅಂತಲೂ ಇರಲಿಲ್ಲ. ಅವನನ್ನು ಊರೆಲ್ಲ ದೊಡ್ಡಣ್ಣ ಅನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಹುಟ್ಟು ಹಾಕಿ ಹಾಕಿ ಒಂದು ಭುಜ ಇನ್ನೊಂದಕ್ಕಿಂತ ಎತ್ತರವಾಗಿತ್ತು. ಹಗ್ಗ ಕಟ್ಟಿದ ಮೇಲೂ ಅವನು ದಿನಾ ಬೆಳಿಗ್ಗೆ ಬಂದು, ಮಗುಚಿ ಹಾಕಿದ ತೆಪ್ಪದ ಪಕ್ಕ ಕೂತು, ನದಿ ನೋಡಿಕೊಂಡು ಸಂಜೆ ಮನೆಗೆ ಹೋಗುತ್ತಿದ್ದ. ದಂಡೆಯಲ್ಲಿ ಮೀನು ಕರಿಯುತ್ತಿದ್ದ ಅವನ ಹೆಂಡತಿ ಒಂದು ದಿನ ಪಂಚಾಯ್ತಿಗೇ ಬಂದಳು.

“ಮೇಡಂ, ಬೇಗ ಏನಾರ ಮಾಡಿ. ಮುದ್ದೆ ಇಕ್ಕುದ್ರೆ ಮುರ್ಯಾಕಿಲ್ಲ, ಮಾತಾಡ್ಸುದ್ರೆ ಮಾತಾಡಾಕಿಲ್ಲ. ನಲವತ್ ವರ್ಸದಿಂದ ಬೈಯ್ಕೊಂಡೇ ಸಂಸಾರ ಮಾಡ್ದೋನು ಸುಮ್ಕೆ ಕುಂತ್ರೆ ನಂಗೆ ದಿಗ್ಲಾಯ್ತದೆ ಕಣವ್ವ.”

“ಒಂದು ವಾರದಾಗೆ ಮಾಡಿಸ್ತೀನಿ ಹೋಗಮ್ಮ” ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಐದೂ ಜನರನ್ನು ಕರೆಸಿ, ನಮ್ಮ ಕಂಪ್ಯೂಟರ್ ಹುಡುಗಿಯ ಮುಂದೆ ಕೂರಿಸಿ ಅರ್ಜಿ ತುಂಬಿಸಿದೆ. ಫೋಟೋ ತೆಗೆಸಿ ಎಲ್ಲವನ್ನೂ ನಂಬರು ಪಡೆಯಲು ಮೇಲಿನ ಕಚೇರಿಗೆ ಕಳಿಸಿ, ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಂಡೆ. ವಾರ ಕಳೆದ ಮೇಲೆ ಉತ್ತರ ಬಂತು. ಒಂದೇ ಅರ್ಜಿಯನ್ನು ಪದೇ ಪದೇ ಸಲ್ಲಿಸಿದ್ದೀರಿ, ಒಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ತಿರಸ್ಕರಿಸಲಾಗಿದೆ, ಮುಂದೆ ಹೀಗಾಗದಂತೆ ಎಚ್ಚರ ವಹಿಸಿ ಎಂದು ನನಗೊಂದು ಬುದ್ಧಿಮಾತು ಬೇರೆ.

ಕೋಪ ನೆತ್ತಿಗೇರಿತು. ಹುಡುಗಿಯನ್ನು ಕರೆದು ಐದೂ ಅರ್ಜಿ ತೆಗೆಸಿ ನೋಡಿದೆ. ನೋಡಿದ ಮೇಲೆ ಮೇಲಿನವರನ್ನು ಬೈಯಲು ನಾಲಿಗೆ ಬರಲಿಲ್ಲ. ಮುತ್ತತ್ತಿಯ ಆಂಜನೇಯ ನಮ್ಮ ಸೀಮೆಗೆಲ್ಲ ಮನೆದೇವರಿದ್ದ ಹಾಗೆ, ಮುತ್ತತ್ತಿರಾಯ ಅನ್ನುತ್ತೇವೆ. ಹರಕೆ ಹೊತ್ತು ಹುಟ್ಟಿದ ಗಂಡುಮಕ್ಕಳಿಗೆಲ್ಲ ಮುತ್ತುರಾಜು ಎಂದೇ ಹೆಸರು. ಐದರಲ್ಲೂ ಮಾಲೀಕನ ಹೆಸರು ಮುತ್ತುರಾಜು, ನಮ್ಮ ದೊಡ್ಡಣ್ಣನದೂ ಅದೇ. ತಂದೆಯ ಹೆಸರು ಮುತ್ತುರಾಜು, ಇಲ್ಲವೇ ಮುತ್ತೇಗೌಡ. ನಾವೆಯ ಹೆಸರು ಮುತ್ತತ್ತಿರಾಯ. ಐದಕ್ಕೂ ಮುತ್ತತ್ತಿರಾಯ! ಫೋಟೋ ನೋಡೋಣವೆಂದರೆ ಐದರಲ್ಲೂ ಕರ್ರಗೆ, ದುಂಡಗೆ ಒಂದೇ ವಸ್ತು. ಎಲ್ಲೋ ದೂರದಲ್ಲಿ ಕೂತ ಗುಮಾಸ್ತನಿಗೆ ಯಾರೋ ಒಬ್ಬ ಬಟನ್ನನ್ನು ಐದು ಸಲ ಒತ್ತಿದಂತೆ ಕಂಡಿದ್ದರೆ ಅದು ಅವನ ತಪ್ಪೇನಲ್ಲ.

ಇನ್ನೊಂದು ಪೇಚು ಇತ್ತು. ಉಳಿಸಿಕೊಂಡ ಆ ಒಂದು ಅರ್ಜಿ ಯಾರದು? ಐದೂ ಜನ ಪಂಚಾಯ್ತಿ ಜಗಲಿಯ ಮೇಲೆ ಕೂತು ಅದು ನಂದು, ಅದು ನಂದು ಎಂದು ಜಗಳಕ್ಕೆ ಬಿದ್ದರು. ಅದರಲ್ಲಿ ಸುಳ್ಳು ಹೇಳುತ್ತಿದ್ದವರು ಒಬ್ಬರೂ ಇರಲಿಲ್ಲ.

“ತೆಪ್ಪದ ಹೆಸ್ರು ಬದಲಾಯ್ಸ್ರಪ್ಪ, ಮುಗೀತು” ಅಂದೆ.

“ದೇವ್ರೆಸ್ರು ತೆಗುದ್ರೆ ನೀರ್ನಾಗೆ ಕಾಯೋರ್ಯಾರು ಮೇಡಂ, ನೀವು ಬತ್ತೀರಾ?” ಎಂದು ಮೀಸೆಯವನು ಎದ್ದು ನಿಂತ. ಊರಲ್ಲಿ ಅವರನ್ನೆಲ್ಲ ಗುರುತಿಸುವುದು ಅಡ್ಡಹೆಸರಿನಿಂದಲೇ; ಇವನು ಮೀಸೆ, ಇನ್ನೊಬ್ಬ ಕುಳ್ಳ. ಹಾಗಾದರೆ ಅಡ್ಡಹೆಸರನ್ನೇ ಮುಂದೆ ಸೇರಿಸೋಣ, ಮೀಸೆ ಮುತ್ತತ್ತಿರಾಯ, ಕುಳ್ಳ ಮುತ್ತತ್ತಿರಾಯ ಅಂದೆ. ಕುಳ್ಳನಿಗೆ ಕೆಂಡದಂಥ ಸಿಟ್ಟು ಬಂತು.

“ನನ್ ಬೇಕಾರೆ ಕುಳ್ಳ ಅನ್ಕೊಳ್ಳಿ. ದೇವ್ರುನ್ನ ಕುಳ್ಳ ಅಂದ್ರೆ ನಿಮ್ ನಾಲ್ಗೆ ಬಿದ್ದೋಯ್ತದೆ!”

ಅಲ್ಲಿಗೆ ನನಗೆ ಉಪಾಯ ಹೊಳೆಯಿತು. “ನಿಮ್ಮೂರಲ್ಲಿ ಮಾರಮ್ಮ ಎಷ್ಟು ಜನ ಅವ್ರೆ?” ಅಂತ ಕೇಳಿದೆ. ಮೂರು ಅಂದರು. ಹೆಂಗೆ ಗುರುತು ಹಿಡೀತೀರಿ ಅಂದರೆ, ಇದೂ ಒಂದು ಪ್ರಶ್ನೆಯೇ ಎಂಬಂತೆ, ಕೆರೆ ಏರಿ ಮಾರಮ್ಮ, ಬೇವಿನಮರದ ಮಾರಮ್ಮ, ಗಡಿ ಮಾರಮ್ಮ ಎಂದು ಒಪ್ಪಿಸಿದರು. ತೆಪ್ಪಗಳಿಗೂ ಹಾಗೇ ಮಾಡಿದೆವು. ಯಾರು ಎಲ್ಲಿ ಕಟ್ಟುತ್ತಾರೋ ಆ ಜಾಗದ ಹೆಸರು ದೇವರ ಮುಂದೆ ಬಂತು. ಹುಣಸೆಮರದ ಮುತ್ತತ್ತಿರಾಯ, ಮೆಟ್ಟಿಲ ಮುತ್ತತ್ತಿರಾಯ, ಹೀಗೆ. ದೊಡ್ಡಣ್ಣನದು ಬಂಡೆ ಮುತ್ತತ್ತಿರಾಯ. ಅರ್ಜಿಗಳು ಎರಡನೆಯ ಸಲ ಹೋದವು, ಈ ಸಲ ಐದೂ ನಿಂತವು.

ಪರೀಕ್ಷೆಗೆ ಬಂದ ಎಂಜಿನಿಯರು ಹೊರಗಿನವರು, ಮೆತ್ತಗಿನ ಮನುಷ್ಯ. ಟೇಪು, ತಕ್ಕಡಿ, ಕ್ಯಾಮೆರಾ ಎಲ್ಲ ತಂದಿದ್ದರು. ದೊಡ್ಡಣ್ಣನ ತೆಪ್ಪದಿಂದಲೇ ಶುರುವಾಯಿತು. ಒಂದೇ ಅಳತೆಯವು, ಒಂದಕ್ಕೆ ಬರೆದದ್ದೇ ಐದಕ್ಕೂ ಆಗುತ್ತದೆ ಅಂದರು. ಉದ್ದ ಅಳೆದರು, ಅಗಲ ಅಳೆದರು, ಎರಡೂ ಒಂದೇ ಬಂದಾಗ ಇನ್ನೊಮ್ಮೆ ಅಳೆದರು.

“ಇದರ ಮುಂಭಾಗ ಯಾವುದು?” ಎಂದು ಕೇಳಿದರು.

“ನಾ ಎಲ್ ಕುಂತ್ಕತೀನೋ ಅದೇ ಮೂತಿ” ಅಂದ ದೊಡ್ಡಣ್ಣ.

“ನೀವು ಎದ್ದು ಈ ಕಡೆ ಬಂದು ಕೂತರೆ?”

“ಮೂತೀನೂ ನನ್ ಜತೇಲಿ ಬತ್ತದೆ.”

ಎಂಜಿನಿಯರು ನನ್ನ ಮುಖ ನೋಡಿದರು. ನಾಲ್ಕೂ ಕಡೆ ನಂಬರು ಬರೆಸಿಬಿಡೋಣ ಸಾರ್, ಮೂತಿ ಯಾವ ಕಡೆ ಹೋದರೂ ಅಲ್ಲೊಂದು ನಂಬರು ಇರುತ್ತೆ ಅಂದೆ. ಅವರು ನಕ್ಕು ಒಪ್ಪಿದರು.

ಆಮೇಲೆ ಭಾರದ ಪರೀಕ್ಷೆ. ದೊಡ್ಡಣ್ಣ ಅಲ್ಲಿಯವರೆಗೆ ಎಂಟು ಜನರನ್ನು ಹತ್ತಿಸುತ್ತಿದ್ದ. ಜನ ಜಾಸ್ತಿ ಬಂದ ದಿನ ಒಂಬತ್ತು, ಹತ್ತೂ ಆಗುತ್ತಿತ್ತಂತೆ. ಎಂಟು ಜನರ ತೂಕಕ್ಕೆ ಮರಳು ಮೂಟೆ ಕಟ್ಟಿಸಿ, ಸುತ್ತಲೂ ಸಮನಾಗಿ ಇಟ್ಟರು. ದೊಡ್ಡಣ್ಣ ಹುಟ್ಟು ಹಿಡಿದು ಕೂತ. ತೆಪ್ಪ ಮದುಮಗಳ ಹಾಗೆ ಮೆಲ್ಲಗೆ ಹೊರಟು, ಒಂದು ಸುತ್ತು ಹಾಕಿ, ಒಂದು ತೊಟ್ಟು ನೀರೂ ಒಳಗೆ ಬಾರದಂತೆ ವಾಪಸು ಬಂತು. ದೊಡ್ಡಣ್ಣನ ಮುಖ ಅರಳಿತ್ತು. ಹಗ್ಗ ಕಟ್ಟಿದ ಮೇಲೆ ನಾನು ಅವನ ಹಲ್ಲು ನೋಡಿದ್ದು ಅವತ್ತೇ. ಆ ಮುಖ ನೋಡಿ ನನಗೂ ಸಹಿ ಹಾಕಿಬಿಡೋಣ ಅನ್ನಿಸಿತು.

“ಎಂಟು ಅಂತ ಬರೆಯಬಹುದು ಮೇಡಂ” ಎಂದು ಎಂಜಿನಿಯರು ಕಾಗದ ನನ್ನ ಕಡೆ ತಳ್ಳಿದರು.

ಪೆನ್ನು ತೆಗೆದೆ. ಬರೆಯುವ ಬದಲು ಆ ಮೂಟೆಗಳನ್ನೇ ನೋಡುತ್ತಾ ನಿಂತೆ. ಇಟ್ಟ ಕಡೆ ಇಟ್ಟ ಹಾಗೆ, ಎಷ್ಟು ಮರ್ಯಾದಸ್ಥ ಮೂಟೆಗಳು! ನಮ್ಮ ಕಡವಿಗೆ ಬರುವ ಜನ ಹಾಗಿರುತ್ತಾರೆಯೇ?

“ಸಾರ್, ಮೂಟೆ ಎದ್ದು ನಿಂತು ಸೆಲ್ಫಿ ತಗೊಳ್ಳಲ್ಲ” ಅಂದೆ. “ಮನುಷ್ಯರನ್ನ ಕೂರ್ಸಿ ನೋಡೋಣ.”

ದೊಡ್ಡಣ್ಣ ಮಿಕ್ಕ ತೆಪ್ಪದವರನ್ನು ಕರೆಯಲು ಹೊರಟ. ಬೇಡ ಅಂದೆ. ಅವರಿಗೆ ನೀರಿನಲ್ಲಿ ಹೇಗೆ ಕೂರಬೇಕೆಂದು ಗೊತ್ತು. ನನಗೆ ಬೇಕಾಗಿದ್ದು ಏನೂ ಗೊತ್ತಿಲ್ಲದವರು. ಅಂಥವರಿಗೆ ಬರವೇ? ನಾನು, ಎಂಜಿನಿಯರು, ಕಂಪ್ಯೂಟರ್ ಹುಡುಗಿ, ಬಿಲ್ ಕಲೆಕ್ಟರು, ವಾಟರ್‌ಮ್ಯಾನು, ದಂಡೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದ ಮೂವರು. ಎಲ್ಲರೂ ಹೊಸ ಜಾಕೆಟ್ ತೊಟ್ಟು, ಸಾಲಾಗಿ ಕುಂಬಳಕಾಯಿ ಇಟ್ಟ ಹಾಗೆ ಕೂತೆವು. ದಂಡೆಗೆ ಹತ್ತಿರ, ಮೊಣಕಾಲುದ್ದ ನೀರಿನಲ್ಲೇ ತೆಪ್ಪ ನಿಲ್ಲಿಸಲು ದೊಡ್ಡಣ್ಣನಿಗೆ ಹೇಳಿದೆ. ನಾನು ಏನು ಮಾಡಲಿದ್ದೇನೆ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಎಲ್ಲರೂ ಹಾಯಾಗಿ ಕೂತಿರುವಾಗ ಒಂದು ಕಡೆ ಬೊಟ್ಟು ಮಾಡಿ, ಇದ್ದ ಗಂಟಲನ್ನೆಲ್ಲ ಬಿಟ್ಟು ಕೂಗಿದೆ: “ಅಯ್ಯಯ್ಯೋ, ಮೊಸಳೆ!”

ಆ ಹೊಳೆಯಲ್ಲಿ ಮೊಸಳೆ ಇರುವುದು ಸುಳ್ಳೇನಲ್ಲ, ಹಾಗಾಗಿ ಯಾರೂ ಯೋಚನೆ ಮಾಡಲಿಲ್ಲ. ಎಲ್ಲರಿಗಿಂತ ಮೊದಲು ಎದ್ದವರು ಎಂಜಿನಿಯರು. ಬಿಲ್ ಕಲೆಕ್ಟರು ಅವರ ಕೊರಳಿಗೆ ಜೋತುಬಿದ್ದ. ಹುಡುಗಿ ನನ್ನ ಜಡೆ ಹಿಡಿದಳು. ಅಷ್ಟೂ ಜನ ಒಂದೇ ಕಡೆ ನುಗ್ಗಿದರು, ತೆಪ್ಪ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ನಮ್ಮನ್ನೆಲ್ಲ ನೀರಿಗೆ ಎತ್ತಿ ಹಾಕಿತು. ಮೊಣಕಾಲುದ್ದ ನೀರೇ ಆದರೂ ಒಬ್ಬರ ಮೇಲೊಬ್ಬರು ಬಿದ್ದಾಗ ಎರಡು ಗುಟುಕು ನಾನೂ ಕುಡಿದೆ. ಸೀರೆ ಹಿಂಡಿಕೊಂಡು ಎದ್ದಾಗ ದಂಡೆಯಲ್ಲಿ ದೊಡ್ಡಣ್ಣನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗದೇ ಇದ್ದವನು ಒಬ್ಬನೇ, ದೊಡ್ಡಣ್ಣ.

ಅದೇ ಒದ್ದೆ ಬಟ್ಟೆಯಲ್ಲಿ ಮತ್ತೆ ಹತ್ತಿದೆವು. ಈಗ ಮೊಸಳೆಯ ಗುಟ್ಟು ಎಲ್ಲರಿಗೂ ಗೊತ್ತು, ಆದ್ದರಿಂದ ನಾನು ಕೂಗಿದ ಕೂಡಲೇ ಎದ್ದು ಒಂದೇ ಕಡೆ ಹೋಗಬೇಕೆಂದು ಕರಾರು ಮಾಡಿದೆ. ಆರು ಜನ ಕೂತರೂ ಮಗುಚಿತು. ಐದು ಜನಕ್ಕೆ ಮಗುಚಲಿಲ್ಲ, ಆದರೆ ಅಂಚು ಮುಳುಗಿ ಒಳಗೆಲ್ಲ ನೀರು ನುಗ್ಗಿತು. ನಾಲ್ಕು ಜನಕ್ಕೆ ವಾಲಿತು, ದೊಡ್ಡಣ್ಣ ಹುಟ್ಟನ್ನು ಒಂದು ಸಲ ಎಳೆದ ಕೂಡಲೇ ನೆಟ್ಟಗಾಯಿತು. ಮೂರು ಸಲ ಮಾಡಿಸಿದೆ, ಮೂರು ಸಲವೂ ನೆಟ್ಟಗಾಯಿತು. ಹುಟ್ಟು ಹಾಕುವವನನ್ನು ಬಿಟ್ಟು ನಾಲ್ಕು ಜನ ಎಂದು ಬರೆದು ಸಹಿ ಹಾಕಿದೆ.

ದೊಡ್ಡಣ್ಣ ನಂಬಲಿಲ್ಲ. ಎಂಟು ಅಂತ ಸಾಹೇಬರೇ ಹೇಳಿದರಲ್ಲ ಅಂದ. ಇನ್ನೊಂದು ಸಲ ನೋಡಿ ಅಂದ. ಕೊನೆಗೆ ಹುಟ್ಟನ್ನು ನೆಲಕ್ಕೆ ಬಿಸಾಕಿದ.

“ನಾಕ್ ಜನುಕ್ಕೆ ತೆಪ್ಪ ಯಾಕವ್ವ, ಬಕೀಟು ಸಾಕು! ನಮ್ಮಪ್ಪ ಮದ್ವೆ ದಿಬ್ಬಣ ದಾಟ್ಸಿದ್ದ ಈ ಒಳೇಲಿ. ನಾನು ಒಬ್ರುನ್ನಾರ ಮುಳುಗ್ಸಿದ್ದೀನಾ? ಕೇಳಿ ಯಾರ್ನಾರ! ನನ್ ಮ್ಯಾಲೆ ನಂಬ್ಕೆ ಇಲ್ಲ ಅಂತ ನೆಟ್ಟಗೆ ಏಳ್ಬುಡಿ.”

“ನಿನ್ ಮ್ಯಾಲೆ ಅದೆ ಕಣಣ್ಣ. ಹತ್ತೋರ ಮ್ಯಾಲೆ ಇಲ್ಲ.”

“ಎಲ್ಡೂ ಒಂದೇ ಬುಡಿ” ಎಂದು ಹೊರಟುಹೋದ. ನೋಂದಣಿ ಪತ್ರವನ್ನು ಅವನ ಹೆಂಡತಿ ತೆಗೆದುಕೊಂಡಳು.

ಆಮೇಲೆ ಊರಿನ ಮುಖಂಡರೊಬ್ಬರು ಬಂದು, ಏನ್ ಮೇಡಂ ಬಡವರ ಹೊಟ್ಟೆ ಮೇಲೆ ಹೊಡೀತೀರಿ, ಆರಾದರೂ ಮಾಡಿ ಅಂದರು. ಮೊಸಳೆ ಪರೀಕ್ಷೆಗೆ ನೀವೂ ಬಂದು ಕೂತರೆ ಯೋಚನೆ ಮಾಡ್ತೀನಿ ಅಂದೆ. ಅವರು ಬರಲಿಲ್ಲ. ಬಾಯಲ್ಲಿ ಹೀಗೆ ಗಟ್ಟಿಯಾಗಿ ಮಾತಾಡಿದೆನೇ ಹೊರತು ಮನಸ್ಸಿಗೆ ಸಮಾಧಾನವಿರಲಿಲ್ಲ. ದೊಡ್ಡಣ್ಣನಿಗೆ ವಯಸ್ಸಾಗಿತ್ತು. ಮೊದಲು ಒಂದು ಸುತ್ತಿನಲ್ಲಿ ದುಡಿಯುತ್ತಿದ್ದುದನ್ನು ಇನ್ನು ಎರಡು ಸುತ್ತಿನಲ್ಲಿ ದುಡಿಯಬೇಕು, ಅದೇ ಭುಜದಲ್ಲಿ. ಸಿಟ್ಟಿಗೆ ತೆಪ್ಪವನ್ನೇ ಬಿಟ್ಟುಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ನಾನು ಈ ಕಡೆ ತಿರುಗಿದ ಕೂಡಲೇ ಎಂಟು ಜನರನ್ನು ತುಂಬಿಕೊಂಡು ಹೊರಟರೆ? ದಿನಾ ಹೋಗಿ ಕಾಯಲು ನಾನೇನು ಪೊಲೀಸಲ್ಲ. ಸಹಿ ಮಾತ್ರ ನನ್ನದು.

ಹಗ್ಗ ಬಿಚ್ಚಿದರು, ತೆಪ್ಪಗಳು ನೀರಿಗಿಳಿದವು. ಐದಕ್ಕೂ ನಾಲ್ಕೂ ಕಡೆ ಬಿಳಿ ಬಣ್ಣದ ನಂಬರು. ದೊಡ್ಡಣ್ಣನೂ ಇಳಿಸಿದ ಎಂದು ಕೇಳಿ ನಿಟ್ಟುಸಿರು ಬಿಟ್ಟೆ. ಆದರೆ ಕಡವಿನ ಹತ್ತಿರ ನನ್ನ ಸ್ಕೂಟರ್ ನಿಂತರೆ ಅವನು ಬೇಕೆಂದೇ ಆಚೆ ದಂಡೆ ನೋಡುತ್ತಿದ್ದ. ನಮಸ್ಕಾರಣ್ಣ ಅಂದರೆ ತಲೆ ಅಲ್ಲಾಡಿಸುತ್ತಿದ್ದ, ಅಷ್ಟೇ. ನನಗೆ ಬೇಜಾರಾಗುತ್ತಿತ್ತು. ಆಫೀಸಿನಲ್ಲಿ ಎಷ್ಟೋ ಜನ ಮುನಿಸಿಕೊಂಡಿದ್ದಾರೆ, ನಾನು ಕ್ಯಾರೇ ಅಂದವಳಲ್ಲ. ಇವನ ಮುನಿಸು ಮಾತ್ರ ಮನೆಯಲ್ಲಿ ದೊಡ್ಡವರು ಮಾತು ಬಿಟ್ಟ ಹಾಗೆ ಕಾಡುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಮನೆಯವರನ್ನೆಲ್ಲ ಮುತ್ತತ್ತಿಗೆ ಕರೆದುಕೊಂಡು ಹೋಗಿದ್ದೆ. ನಾನು, ನಮ್ಮೆಜಮಾನರು, ಇಬ್ಬರು ಹೆಣ್ಣುಮಕ್ಕಳು, ಅತ್ತೆ. ಪೂಜೆ ಮುಗಿಸಿ ಬರುವಾಗ ಮಕ್ಕಳು ತೆಪ್ಪ ಹತ್ತಲೇಬೇಕು ಎಂದು ಹಟ ಹಿಡಿದರು. ಕಡವಿಗೆ ಬಂದರೆ ಜಾತ್ರೆಯಂಥ ಜನ. ದೊಡ್ಡಣ್ಣನ ತೆಪ್ಪದ ಮುಂದೆ ಏಳೆಂಟು ಹುಡುಗರು ಗಲಾಟೆ ಹಚ್ಚಿದ್ದರು. ಎಲ್ಲರೂ ಒಟ್ಟಿಗೇ ಹೋಗಬೇಕು, ನಾವು ಯಾರ ಕಡೆಯವರು ಗೊತ್ತಾ, ನಿಮ್ಮ ಪಿಡಿಒ ಮೇಡಂನೂ ಗೊತ್ತು ನಮಗೆ ಅನ್ನುತ್ತಿದ್ದರು. ಅವರಲ್ಲಿ ಒಬ್ಬನ ಮುಖವನ್ನೂ ನಾನು ಕಂಡಿರಲಿಲ್ಲ. ನಾಕು ಅಂದ್ರೆ ನಾಕೇ ಎಂದು ಹೇಳಿ ಹೇಳಿ ದೊಡ್ಡಣ್ಣನ ಗಂಟಲು ಬಿದ್ದುಹೋಗಿತ್ತು.

ನಾನು ಬಾಯಿ ಬಿಡುವ ಮೊದಲೇ ಅವನ ಹೆಂಡತಿ ಬಾಣಲೆ ಬಿಟ್ಟು ನನ್ನ ಹತ್ತಿರ ಬಂದಳು. “ದಿನಾ ಇದೇ ಗೋಳು ಕಣವ್ವ. ನಿನ್ನೆ ಒಬ್ಬ ಕೊಳ್‌ಪಟ್ಟಿಗೇ ಕೈ ಆಕ್ದ. ಇವ್ನು ಬೈಸ್ಕೊತಾನೆ, ನೂಕುಸ್ಕೊತಾನೆ, ಐದ್ನೇದೋರ್ನ ಅತ್ಸಾಕಿಲ್ಲ” ಅಂದಳು.

ನಾನು ಅನುಮಾನ ಪಟ್ಟುಕೊಂಡು ನಿದ್ದೆ ಕೆಡಿಸಿಕೊಂಡಿದ್ದು ಇವನ ಬಗ್ಗೆಯೇ?

ಅಷ್ಟರಲ್ಲಿ ದೊಡ್ಡಣ್ಣ ನನ್ನನ್ನು ಕಂಡ. ಕಣ್ಣು ತಪ್ಪಿಸಲಿಲ್ಲ. ಆ ಹುಡುಗರನ್ನು ಪಕ್ಕಕ್ಕೆ ಸರಿಸಿ, “ಮೇಡಂ, ನೀವ್ ಬನ್ನಿ, ಅತ್ಕೊಳಿ” ಎಂದು ಗಟ್ಟಿಯಾಗಿ ಕರೆದ. ಹುಡುಗರು ಹಿಂದೆ ಸರಿದರು. ಸಾಲಿನಲ್ಲಿ ನಿಂತವರು ದಾರಿ ಬಿಟ್ಟರು. ಮುನಿಸು ಕರಗಿತು ಎಂಬ ಖುಷಿಯಲ್ಲಿ ನಾನು ಏನೂ ಯೋಚಿಸದೆ ಹತ್ತಿದೆ. ಯಜಮಾನರು ಹತ್ತಿದರು, ಅತ್ತೆಯನ್ನು ಕೈಹಿಡಿದು ಕೂರಿಸಿದರು, ಮಕ್ಕಳು ನುಗ್ಗಿದವು. ಎಲ್ಲರೂ ಜಾಕೆಟ್ ಕಟ್ಟಿಕೊಂಡೆವು. ದೊಡ್ಡಣ್ಣ ಹುಟ್ಟನ್ನು ಎತ್ತಲಿಲ್ಲ. ಬೆರಳು ನೀಡಿ ಒಬ್ಬೊಬ್ಬರನ್ನೇ ಎಣಿಸಿದ.

“ಐದಾಯ್ತು. ಒಬ್ರು ಇಳೀಬೇಕು.”

“ಚಿಕ್ಕೋಳು ಇನ್ನೂ ಮಗು ಕಣಣ್ಣ” ಅಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. “ತೊಡೆ ಮ್ಯಾಲೆ ಕೂರಿಸ್ಕೊತೀನಿ.”

“ತೊಡೆ ಏನ್ ತೆಪ್ಪದಿಂದ ಆಚ್ಗಡೆ ಇಕ್ಕಂತೀರಾ?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಜಮಾನರು ಎದ್ದು, ನಾನು ಇಳಿತೀನಿ ಬಿಡು ಅಂದರು. ದೊಡ್ಡಣ್ಣ ಕೈ ಅಡ್ಡ ಹಿಡಿದ.

“ನೀವ್ ಕುಂತ್ಕಳಿ ಸಾಮಿ. ನಾಕು ಅಂತ ಬರ್ದೋರು ಯಾರು?”

“ನಾನೇ” ಅಂದೆ.

“ಅಂಗಾರೆ ನೀವೇ ಇಳೀರಿ.”

ಅಷ್ಟೂ ಜನರ ಎದುರಿಗೆ ಸೀರೆ ಎತ್ತಿಕೊಂಡು ಇಳಿದೆ. ಪಾದವೆಲ್ಲ ಕೆಸರಾಯಿತು. ಮುಖ ಬಿಸಿಯಾಗಿತ್ತು, ಕೋಪವೋ ನಗುವೋ ಗೊತ್ತಾಗಲಿಲ್ಲ. ದೊಡ್ಡಣ್ಣ ಹುಟ್ಟು ಊರಿ ತೆಪ್ಪವನ್ನು ನೀರಿಗೆ ತಳ್ಳಿದ. ದಂಡೆಯಲ್ಲಿ ಆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೀವು ನಾಲ್ಕು ಜನ ಮೊದಲು ಹೋಗಿ, ನಾವು ಆಮೇಲೆ ಬರ್ತೀವಿ ಎಂದು ತಮ್ಮತಮ್ಮಲ್ಲೇ ಪಾಲು ಮಾಡಿಕೊಳ್ಳತೊಡಗಿದರು.

ತೆಪ್ಪ ಇನ್ನೂ ದೂರ ಹೋಗಿರಲಿಲ್ಲ. ನಮ್ಮತ್ತೆಗೆ ನನ್ನ ಮರ್ಯಾದೆ ಹೋಯಿತೆಂದು ಸಂಕಟ. ಅವರು ದೊಡ್ಡಣ್ಣನನ್ನು ತರಾಟೆಗೆ ತೆಗೆದುಕೊಂಡದ್ದು ನನಗೂ ಕೇಳಿಸಿತು.

“ಏನಪ್ಪ, ಆಫೀಸರ್ರುನ್ನೇ ಇಳಿಸ್ಬುಟ್ಟಲ್ಲ! ಇಷ್ಟ್ ಜನದ ಮುಂದೆ!”

ದೊಡ್ಡಣ್ಣ ಹುಟ್ಟು ಎಳೆಯುತ್ತಲೇ ಹೇಳಿದ.

“ಅವ್ರುನ್ನ ಇಳ್ಸುದ್ ಮ್ಯಾಲೆ ಇನ್ ಯಾರ್ನ ಬೇಕಾರೂ ಇಳಿಸ್ಬೋದು ಕಣವ್ವ.”